ಡೈರಿಯಲ್ಲಿ ‘ಎಡಿಎಚ್‌ಡಿ ಇರಬಹುದು’ ಅಂತ ಬರೆದು ಬಂದರೆ ಮೊದಲು ಏನು ಮಾಡಬೇಕು

ನನ್ನ ಮಗ ಎರಡನೇ ಕ್ಲಾಸಿನಲ್ಲಿದ್ದಾಗ, ಒಂದು ಜುಲೈ ಸಂಜೆ, ಸ್ಕೂಲ್ ಡೈರಿಯಲ್ಲಿ ಕೆಂಪು ಪೆನ್ನಿನಲ್ಲಿ ಮೂರು ಸಾಲು ಬರೆದು ಬಂತು. ಕ್ಲಾಸಿನಲ್ಲಿ ಗಮನ ಕೊಡುವುದಿಲ್ಲ, ಹೇಳಿದ್ದು ಮಾಡುವುದಿಲ್ಲ, ಪಕ್ಕದವನಿಗೆ ಉಪದ್ರ ಕೊಡುತ್ತಾನೆ. ಕೊನೆಗೆ, ‘ಎಡಿಎಚ್‌ಡಿ ಇರಬಹುದು, ಡಾಕ್ಟರಿಗೆ ತೋರಿಸಿ.’ ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವ ಇಲ್ಲವೇ ಅತಿಯಾದ ಚಡಪಡಿಕೆ, ಆತುರದ ತೊಂದರೆ. ಡೈರಿ ಮಳೆಗೆ ನೆನೆದು ಕೆಂಪು ಶಾಯಿ ಹಾಳೆಯ ಆಚೆ ಬದಿಗೂ ಇಳಿದಿತ್ತು. ಆ ರಾತ್ರಿ ನಾನು ಮೊಬೈಲಿನಲ್ಲಿ ಹುಡುಕಿದ್ದೂ ಆಯಿತು, ಅತ್ತದ್ದೂ ಆಯಿತು. ಅತ್ತೆ ಮಾತ್ರ, ‘ಇವನ ಅಪ್ಪನೂ ಹೀಗೇ ಇದ್ದ. ಲೂಟಿ ಮಾಡುವ ಪ್ರಾಯ. ಸುಮ್ನೆ ಮಂಡೆ ಬಿಸಿ ಮಾಡಬೇಡ’ ಅಂದರು. ನಮ್ಮ ಮಂಗಳೂರು ಕಡೆ ಲೂಟಿ ಅಂದರೆ ತುಂಟತನ.

ಡೈರಿ ಹೇಳಿದ್ದೂ ಪೂರ್ತಿ ಸರಿ ಇರಲಿಲ್ಲ, ಅತ್ತೆ ಹೇಳಿದ್ದೂ ಪೂರ್ತಿ ಸರಿ ಇರಲಿಲ್ಲ. ಮಗನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇತ್ತ ನನ್ನ ತಂಗಿಯ ಮಗಳಿಗೆ ನಿಜವಾಗಿಯೂ ಎಡಿಎಚ್‌ಡಿ ಇತ್ತು. ಆರನೇ ಕ್ಲಾಸಿನವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಅವಳು ಲೂಟಿ ಮಾಡುತ್ತಿರಲಿಲ್ಲ. ಈ ಎರಡು ಮಕ್ಕಳ ಹಿಂದೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯವರು ಮಾಡಬಹುದಾದದ್ದು, ಹೋದ ಮೇಲೆ ಕೇಳಬೇಕಾದದ್ದು ಇಷ್ಟೇ ನನ್ನ ಮಾತು.

ಮಂಗಳೂರಿನಲ್ಲಿ ಯಾರಿಗಾದರೂ ಜ್ವರ ಬಂದರೆ ನಾವು ಏನು ಮಾಡುತ್ತೇವೆ? ಮಲೇರಿಯಾ ಟೆಸ್ಟ್ ಮಾಡಿಸುತ್ತೇವೆ, ಡೆಂಗಿ ನೋಡಿಸುತ್ತೇವೆ. ಜ್ವರ ಅಂದರೆ ಮಲೇರಿಯಾ ಅಂತ ಮಾತ್ರೆ ಶುರು ಮಾಡುವುದಿಲ್ಲ. ‘ಗಮನ ಇಲ್ಲ’ ಅನ್ನುವುದೂ ಜ್ವರದ ಹಾಗೆಯೇ. ಅದಕ್ಕೆ ಹತ್ತು ಕಾರಣ ಇರಬಹುದು. ಎಡಿಎಚ್‌ಡಿ ಅದರಲ್ಲಿ ಒಂದು.

ಆ ಹೆಸರಿನಲ್ಲಿ ಏನಿದೆ

ಎಡಿಎಚ್‌ಡಿಗೆ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್ ಇಲ್ಲ. ಮಗುವನ್ನು ನೋಡಿ, ಮನೆಯವರನ್ನೂ ಟೀಚರನ್ನೂ ಕೇಳಿ ತೀರ್ಮಾನ ಮಾಡುವುದು. ಅದಕ್ಕೆ ಡಾಕ್ಟರುಗಳು ಹೆಚ್ಚಾಗಿ ಬಳಸುವ ಅಳತೆಗೋಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಅನ್ನುವ ಕೈಪಿಡಿ. ಅದರಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣ, ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದ 9 ಲಕ್ಷಣ ಇವೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 6 ಲಕ್ಷಣ ಇರಬೇಕು. ಅವು ಕಡಿಮೆ ಎಂದರೆ 6 ತಿಂಗಳು ಇದ್ದು, ಆ ಪ್ರಾಯಕ್ಕೆ ಮೀರಿದ್ದಾಗಿರಬೇಕು. 12 ವರ್ಷದ ಒಳಗೇ ಕಾಣಿಸಿಕೊಂಡಿರಬೇಕು. ಮನೆ ಮತ್ತು ಶಾಲೆ, ಹೀಗೆ ಕಡಿಮೆ ಎಂದರೆ ಎರಡು ಕಡೆ ಕಾಣಬೇಕು. ಅದರಿಂದ ಓದಿಗೋ ಗೆಳೆತನಕ್ಕೋ ಮನೆಯ ದಿನಚರಿಗೋ ನಿಜವಾದ ಅಡ್ಡಿ ಆಗಿರಬೇಕು.

ಇನ್ನೊಂದು ಷರತ್ತು ಇದೆ. ಬೇರೆ ಯಾವ ಕಾರಣದಿಂದಲೂ ಇದು ಬಂದದ್ದಲ್ಲ ಅಂತ ನೋಡಿರಬೇಕು. ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಇದೇ. ಈ ಲೇಖನದ ಹೆಚ್ಚಿನ ಭಾಗ ಇದರ ಬಗ್ಗೆಯೇ.

ಎರಡು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ ಸಾಕು. ‘ಗಮನ ಇಲ್ಲ’, ‘ಹಠ’, ‘ಸೋಮಾರಿ’ ಅಂತೆಲ್ಲ ಬರೆಯಬೇಡಿ. ಅದು ನಿಮ್ಮ ತೀರ್ಪು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಎಷ್ಟು ಗಂಟೆ, ಎಲ್ಲಿ, ಏನು ಕೆಲಸ, ಎಷ್ಟು ಹೊತ್ತು ಕೂತ, ಅದಕ್ಕೆ ಮೊದಲು ಏನಾಗಿತ್ತು.

ನನ್ನ ನೋಟ್‌ಬುಕ್ಕಿನ ಒಂದು ದಿನ ಹೀಗಿತ್ತು:

‘ಸಂಜೆ 5.40. ಹೋಮ್‌ವರ್ಕ್, ಕಾಪಿ ಬರೆಯುವುದು. ಎರಡು ಸಾಲು ಬರೆದು ಎದ್ದ. ನೀರು ಕುಡಿದು ಬಂದ. ಪುನಃ ಮೂರು ಸಾಲು.’

‘ರಾತ್ರಿ 7.15. ಊಟಕ್ಕೆ ಅಡುಗೆಮನೆಯಿಂದ ಮೂರು ಸಲ ಕರೆದೆ. ಅಲ್ಲಾಡಲಿಲ್ಲ. ಎದುರು ಹೋಗಿ ನಿಂತು ಹೇಳಿದೆ. ತಕ್ಷಣ ಎದ್ದ.’

ಎರಡನೆಯದು ನೋಡಿ. ಹದಿನಾಲ್ಕು ದಿನದಲ್ಲಿ ಹನ್ನೊಂದು ದಿನ ಇದನ್ನೇ ಬರೆದಿದ್ದೆ. ಬೆನ್ನ ಹಿಂದಿನಿಂದ ಕರೆದರೆ ಕೇಳುವುದಿಲ್ಲ, ಎದುರು ನಿಂತು ಹೇಳಿದರೆ ಕೇಳುತ್ತದೆ. ಬರೆಯುವಾಗಲೂ ನನಗೆ ಹೊಳೆಯಲಿಲ್ಲ. ಎರಡು ವಾರದ ಹಾಳೆ ಒಟ್ಟಿಗೆ ತಿರುವಿದಾಗ ಎದೆ ಧಸಕ್ಕೆಂದಿತು. ಅಷ್ಟು ದಿನ ಅದಕ್ಕಾಗಿಯೇ ಅವನಿಗೆ ಬೈದಿದ್ದೆ.

ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದದ್ದು ಎಷ್ಟು ಹೊತ್ತಿಗೆ, ಗೊರಕೆ ಇತ್ತಾ, ಮೊಬೈಲ್ ಎಷ್ಟು ಹೊತ್ತು ನೋಡಿದ ಎಂಬುದೂ ಇರಲಿ. ರಜೆಯ ದಿನಗಳನ್ನು ಬೇರೆ ಗುರುತು ಮಾಡಿ. ನಮ್ಮಲ್ಲಿ ಮಳೆಗಾಲದಲ್ಲಿ ಡಿಸಿ ರಜೆ ಕೊಡುತ್ತಾರಲ್ವಾ, ಆ ದಿನ ಮಗು ಹೇಗಿತ್ತು ಅಂತ ನೋಡಿ. ಶಾಲೆ ಇಲ್ಲದ ದಿನ ತೊಂದರೆಯೇ ಕಾಣದಿದ್ದರೆ, ಕಾರಣವನ್ನು ಶಾಲೆಯ ಕಡೆ ಹುಡುಕಬೇಕು. ಮನೆಯಲ್ಲಿ ಮಾತ್ರ ಇದ್ದರೆ ಮನೆಯ ಕಡೆ. ದೈವದ ನೇಮಕ್ಕೋ ಯಕ್ಷಗಾನಕ್ಕೋ ಹೋಗಿ ಬೆಳಗ್ಗೆ ನಾಲ್ಕಕ್ಕೆ ಮಲಗಿದ ವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಲ್ಲರೂ ಹೇಳುವ ಒಂದು ಮಾತಿದೆ: ‘ಮೊಬೈಲ್ ಆದರೆ ಎರಡು ಗಂಟೆ ಕೂರುತ್ತಾನೆ, ಹಾಗಾದರೆ ಎಡಿಎಚ್‌ಡಿ ಹೇಗಾಗುತ್ತದೆ?’ ಇದನ್ನು ನಂಬಬೇಡಿ. ಎಡಿಎಚ್‌ಡಿ ಇರುವ ಮಕ್ಕಳೂ ಇಷ್ಟದ ಆಟಕ್ಕೆ ಗಂಟೆಗಟ್ಟಲೆ ಅಂಟಿಕೊಳ್ಳುತ್ತಾರೆ. ಇಷ್ಟವಿಲ್ಲದ, ನಿಧಾನದ, ಕೂಡಲೇ ಫಲ ಸಿಗದ ಕೆಲಸದಲ್ಲಿ ಹೇಗಿರುತ್ತಾರೆ ಅನ್ನುವುದೇ ಮುಖ್ಯ. ಹಾಗೆಯೇ ಸಕ್ಕರೆ ತಿಂದು ಹೀಗಾಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. ಪರೀಕ್ಷೆ ಮಾಡಿ ನೋಡಿದವರಿಗೆ ಅಂಥ ಸಂಬಂಧ ಸಿಕ್ಕಿಲ್ಲ.

ಟೀಚರ ಹತ್ತಿರ ಕೂತು ಮಾತಾಡಿ

ಜಗಳಕ್ಕೆ ಹೋಗಬೇಡಿ. ಆ ಮೂರು ಸಾಲು ಓದಿದ ಮರುದಿನ ನಾನು ಜಗಳ ಮಾಡುವ ಮನಸ್ಸಿನಲ್ಲೇ ಗೇಟಿನ ಹತ್ತಿರ ನಿಂತಿದ್ದೆ. ಮಳೆ ಜೋರಾಗಿದ್ದರಿಂದ ಒಳಗೆ ಕರೆದು ಕೂರಿಸಿದರು. ಕೂತು ಮಾತಾಡಿದ್ದು ಒಳ್ಳೆಯದಾಯಿತು. ನಲವತ್ತೈದು ಮಕ್ಕಳಿದ್ದ ಕ್ಲಾಸ್ ಅದು. ಅಷ್ಟು ಜನರಲ್ಲಿ ನಮ್ಮ ಮಗುವನ್ನು ಗಮನಿಸಿ ಬರೆದದ್ದೇ ದೊಡ್ಡದು ಅಂತ ಈಗ ಅನಿಸುತ್ತದೆ.

‘ಹೇಗಿದ್ದಾನೆ’ ಅಂತ ಕೇಳಿದರೆ ‘ಲೂಟಿ ಜಾಸ್ತಿ’ ಅನ್ನುವ ಉತ್ತರ ಬರುತ್ತದೆ. ಅದರ ಬದಲು ಬಿಡಿಸಿ ಕೇಳಿ. ಯಾವ ಪಿರಿಯಡ್‌ನಲ್ಲಿ ಜಾಸ್ತಿ? ಬೆಳಗ್ಗೆಯೋ ಊಟ ಆದ ಮೇಲೆಯೋ? ಎಲ್ಲಿ ಕೂರುತ್ತಾನೆ? ಬಾಯಿಯಲ್ಲಿ ಕೇಳಿದರೆ ಉತ್ತರ ಹೇಳುತ್ತಾನಾ, ಬರೆಯಲು ಹೇಳಿದರೆ ಮಾತ್ರ ಕಷ್ಟವಾ? ಆಟದ ಬಯಲಲ್ಲಿ ಹೇಗೆ? ಹೋದ ವರ್ಷವೂ ಹೀಗೇ ಇದ್ದನಾ?

ನನ್ನ ಮಗನದ್ದು ಕೊನೆಯಿಂದ ಎರಡನೇ ಬೆಂಚು. ಕಥೆ ಹೇಳುವಾಗ ಎದ್ದು ಮುಂದೆ ಬಂದು ಕೂರುತ್ತಾನೆ ಅಂದರು ಟೀಚರ್. ‘ಉಪದ್ರ’ ಅಂದರೆ ಏನು ಮಾಡುತ್ತಾನೆ ಅಂತ ಕೇಳಿದೆ. ‘ಡಿಕ್ಟೇಶನ್ ಕೊಡುವಾಗ ಪಕ್ಕದವನ ಪುಸ್ತಕ ಎಳೆಯುತ್ತಾನೆ’ ಅಂದರು. ಹೇಳಿದ ಶಬ್ದ ಕೇಳದವನು ಬೇರೆ ಏನು ಮಾಡಬೇಕಿತ್ತು?

ಹುಟ್ಟಿದ ತಿಂಗಳು ನೋಡಿ

ನಮ್ಮ ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ರ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಅಂದರೆ ಒಂದೇ ಬೆಂಚಿನಲ್ಲಿ ಒಂದು ವರ್ಷಕ್ಕಿಂತಲೂ ಹೆಚ್ಚು ಅಂತರ ಇರುವ ಇಬ್ಬರು ಕೂತಿರಬಹುದು. ಆರು ವರ್ಷದವರಿಗೆ ಒಂದು ವರ್ಷ ಅಂದರೆ ಬಹಳ ದೊಡ್ಡದು. ಚಿಕ್ಕವನು ಚಿಕ್ಕವನ ಹಾಗೆಯೇ ಇರುತ್ತಾನೆ, ದೊಡ್ಡವನ ಜೊತೆ ಹೋಲಿಸಿದಾಗ ರೋಗದ ಹಾಗೆ ಕಾಣುತ್ತದೆ.

ಇದನ್ನು ಅಮೆರಿಕದಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ಸೆಪ್ಟೆಂಬರ್ 1 ಅನ್ನು ಗಡಿಯಾಗಿ ಇಟ್ಟುಕೊಂಡ ರಾಜ್ಯಗಳಲ್ಲಿ, ಕ್ಲಾಸಿಗೇ ಚಿಕ್ಕವರಾದ ಆಗಸ್ಟ್ ಮಕ್ಕಳಲ್ಲಿ 10,000ಕ್ಕೆ ಸುಮಾರು 85 ಜನರಿಗೆ ಎಡಿಎಚ್‌ಡಿ ಅಂತ ಹೇಳಲಾಗಿತ್ತು. ಕ್ಲಾಸಿಗೇ ದೊಡ್ಡವರಾದ ಸೆಪ್ಟೆಂಬರ್ ಮಕ್ಕಳಲ್ಲಿ ಅದು ಸುಮಾರು 64. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ನಿಮ್ಮ ಮಗು ಏಪ್ರಿಲ್‌ನಲ್ಲೋ ಮೇಯಲ್ಲೋ ಹುಟ್ಟಿದ್ದರೆ ಡಾಕ್ಟರಿಗೆ ಅದನ್ನು ನೀವೇ ಬಾಯಿಬಿಟ್ಟು ಹೇಳಿ.

ಕಿವಿ, ಕಣ್ಣು, ನಿದ್ದೆ, ರಕ್ತ

ಕಿವಿಯಿಂದ ಶುರು ಮಾಡಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳ ಮೂಗು ಒಣಗುವುದೇ ಇಲ್ಲ. ಪದೇ ಪದೇ ಶೀತ ಆದಾಗ ಕಿವಿಯ ಪರದೆಯ ಹಿಂದೆ ಅಂಟು ನೀರು ನಿಲ್ಲುತ್ತದೆ. ನೋವಿಲ್ಲ, ಸೋರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ಕಿವುಡೂ ಅಲ್ಲ. ಸುಮಾರು 25-30 ಡೆಸಿಬೆಲ್ ಕಡಿಮೆ ಕೇಳುತ್ತದೆ, ಕಿವಿಗೆ ಬೆರಳು ಇಟ್ಟು ಕೇಳಿದ ಹಾಗೆ. ಹೊರಗೆ ಮಳೆ ಹುಯ್ಯುವಾಗ, ತಗಡಿನ ಮಾಡಿನ ಕೆಳಗೆ, ಹಿಂದಿನ ಬೆಂಚಿನಲ್ಲಿ ಕೂತ ಮಗುವಿಗೆ ಪಾಠದಲ್ಲಿ ಎಷ್ಟು ದಕ್ಕಬಹುದು ಅಂತ ಯೋಚಿಸಿ.

ನಾವು ಇಎನ್‌ಟಿ ಡಾಕ್ಟರ ಹತ್ತಿರ ಹೋದೆವು. ಕಿವಿಗೆ ಸಣ್ಣ ರಬ್ಬರ್ ತುದಿ ಇಟ್ಟು ಒಂದು ಯಂತ್ರ ಹಚ್ಚಿದರು. ನೋವಿಲ್ಲ, ಒಂದೊಂದು ಕಿವಿಗೆ ಕೆಲವೇ ಸೆಕೆಂಡು. ಟಿಂಪನೋಮೆಟ್ರಿ ಅನ್ನುತ್ತಾರೆ. ಸರಿಯಿರುವ ಕಿವಿಯಲ್ಲಿ ಚೀಟಿಯ ಮೇಲೆ ಗುಡ್ಡದ ಹಾಗೆ ಗೆರೆ ಬರುತ್ತದಂತೆ. ನನ್ನ ಮಗನದ್ದು ಎರಡೂ ಕಿವಿಯಲ್ಲಿ ಗದ್ದೆಯ ಹಾಗೆ ಸಪಾಟು. ಡಾಕ್ಟರ್ ಕೇಳಿದರು, ‘ಅಮ್ಮ, ಇವನು ಬಾಯಿ ತೆರೆದು ಮಲಗುತ್ತಾನಾ? ಗೊರಕೆ ಹೊಡೆಯುತ್ತಾನಾ?’ ಎರಡೂ ಹೌದು. ಮೂಗಿನ ಹಿಂದಿನ ಅಡಿನಾಯ್ಡ್ ದೊಡ್ಡದಾಗಿತ್ತು. ಅದರಿಂದ ಕಿವಿಯಲ್ಲಿ ನೀರು, ಅದರಿಂದಲೇ ರಾತ್ರಿ ಉಸಿರು ಕಟ್ಟಿ ನಿದ್ದೆ ತುಂಡು ತುಂಡು. ಇಂಥ ನೀರು ಬಹಳ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ, ಆದ್ದರಿಂದ ಮೊದಲು ಕಾದು ನೋಡುವುದು ಅಂದರು. ಅವನದ್ದು ಇಳಿಯಲಿಲ್ಲ. ಡಿಸೆಂಬರ್‌ನಲ್ಲಿ ಆಪರೇಷನ್ ಆಯಿತು.

ಆಮೇಲೆ ಎಲ್ಲ ಪವಾಡದ ಹಾಗೆ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕರೆದರೆ ತಿರುಗಿ ನೋಡಿದ್ದು ಆ ವಾರವೇ. ಕೆಂಪು ಪೆನ್ನಿನ ಸಾಲು ಫೆಬ್ರವರಿ ಹೊತ್ತಿಗೆ ನಿಂತಿತು. ಆದರೆ ಕೇಳಿಸದೆ ತಪ್ಪಿಹೋದ ಪಾಠ ತುಂಬಿಸಲು ಇನ್ನೂ ಒಂದು ವರ್ಷ ಹಿಡಿಯಿತು.

ಕಣ್ಣನ್ನೂ ತೋರಿಸಿ. ಬೋರ್ಡ್ ಮಸುಕಾಗಿ ಕಾಣುವ ಮಗು ‘ನನಗೆ ಕಾಣುವುದಿಲ್ಲ’ ಅಂತ ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂತ ಅಂದುಕೊಂಡಿರುತ್ತದೆ.

ನಿದ್ದೆಯ ಲೆಕ್ಕ ಎಲ್ಲ ಮನೆಗೂ ಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಏಳೂಕಾಲಿಗೆ ಸ್ಕೂಲ್ ಬಸ್ ಬರುವುದಾದರೆ ಆರಕ್ಕೆ ಏಳಬೇಕು, ಅಂದರೆ ಒಂಬತ್ತರ ಒಳಗೆ ನಿದ್ದೆ ಹತ್ತಿರಬೇಕು. ನಮ್ಮ ಎಷ್ಟು ಮನೆಗಳಲ್ಲಿ ಒಂಬತ್ತಕ್ಕೆ ಊಟವೇ ಆಗಿರುವುದಿಲ್ಲ. ನಿದ್ದೆ ಸಾಲದಿದ್ದರೆ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ತೂಕಡಿಸುವ ಬದಲು ಇನ್ನೂ ಜಾಸ್ತಿ ಹಾರಾಡುತ್ತಾರೆ. ಅದಕ್ಕೇ ಇದು ಎಡಿಎಚ್‌ಡಿಯ ಹಾಗೆ ಕಾಣುವುದು. ಎರಡು ವಾರ ಬೇಗ ಮಲಗಿಸಿ ನೋಡಿ, ಖರ್ಚೇನೂ ಇಲ್ಲ.

ರಕ್ತ ಕಡಿಮೆ ಇದ್ದರೂ ಗಮನ ನಿಲ್ಲುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ 67% ಮಕ್ಕಳಿಗೆ ರಕ್ತಹೀನತೆ ಕಂಡಿತ್ತು. ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಫೆರಿಟಿನ್ ಕೂಡ ನೋಡಬೇಕಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಬೆಳಗ್ಗೆ ತಿಂಡಿಯ ಜೊತೆ ಮಕ್ಕಳಿಗೆ ಚಾ ಕೊಡುವ ಅಭ್ಯಾಸ ಇದ್ದರೆ ಬಿಡಿಸಿ, ಅದು ಊಟದ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತದೆ. ಥೈರಾಯ್ಡ್ ಬೇಕೋ ಬೇಡವೋ ಅವರೇ ನೋಡಿ ಹೇಳುತ್ತಾರೆ. ಮಗು ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದಿನ ಪಟ್ಟಿ ಕೊಡಿ. ಉಬ್ಬಸದ ಕೆಲವು ಮದ್ದಿಗೆ ಕೈ ನಡುಗುವುದು, ಚಡಪಡಿಕೆ ಆಗುವುದು ಉಂಟು. ಅಲರ್ಜಿಯ ಕೆಲವು ಸಿರಪ್ ಮಂಪರು ತರುತ್ತವೆ. ಫಿಟ್ಸಿಗೆ ಕೊಡುವ ಕೆಲವು ಮಾತ್ರೆಗಳೂ ಗಮನ ಕೆಡಿಸುತ್ತವೆ. ಆದರೆ ಹಾಗೆಂದು ಯಾವ ಮದ್ದನ್ನೂ ನೀವಾಗಿ ನಿಲ್ಲಿಸಬೇಡಿ.

ಇದೊಂದು ವಿಷಯ ಮಾತ್ರ ತಡ ಮಾಡುವ ಹಾಗಿಲ್ಲ. ಮಗು ಮಾತಾಡುತ್ತಾ ಇದ್ದದ್ದು ಅರ್ಧಕ್ಕೆ ನಿಂತು, ಹತ್ತು ಸೆಕೆಂಡಿನಷ್ಟು ಹೊತ್ತು ಶೂನ್ಯ ನೋಡಿ, ಪುನಃ ಏನೂ ಆಗದ ಹಾಗೆ ಮುಂದುವರಿಯುತ್ತದಾ? ಆಗ ಮುಟ್ಟಿದರೂ ಗೊತ್ತಾಗುವುದಿಲ್ಲವಾ? ರೆಪ್ಪೆ ಪಟಪಟ ಅನ್ನುತ್ತದಾ? ದಿನಕ್ಕೆ ಎಷ್ಟೋ ಸಲ ಬರುತ್ತದಾ? ಇದು ಒಂದು ಬಗೆಯ ಫಿಟ್ಸ್ ಇರಬಹುದು. ಕೈಕಾಲು ಬಡಿಯದ ಕಾರಣ ‘ಕನಸು ಕಾಣುತ್ತಾನೆ’ ಅಂತ ಬಿಟ್ಟುಬಿಡುತ್ತಾರೆ. ಮೊಬೈಲಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮದ್ದೂ ಇದೆ. ಬರೇ ಯೋಚನೆಯಲ್ಲಿ ಮುಳುಗಿದ ಮಗುವಾದರೆ ಭುಜ ಮುಟ್ಟಿದಾಗ ಎಚ್ಚರಾಗುತ್ತದೆ.

ನಾಲ್ಕು ಭಾಷೆಯ ನಡುವೆ ನಿಂತ ಮಗು

ಇದನ್ನು ಬೇರೆ ಊರಿನ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ತುಳು. ಪಕ್ಕದ ಮನೆಯಲ್ಲಿ ಕೊಂಕಣಿ, ಆಚೆ ಬ್ಯಾರಿ. ಅಂಗಡಿಯಲ್ಲಿ ಕನ್ನಡ. ಮೂರೂವರೆ ವರ್ಷಕ್ಕೆ ಎಲ್‌ಕೆಜಿಗೆ ಹಾಕಿದೊಡನೆ ಇಂಗ್ಲಿಷ್. ಆಮೇಲೆ ಕನ್ನಡ ಅಕ್ಷರ, ಅದರ ಬೆನ್ನಿಗೆ ಹಿಂದಿ. ಬಹಳ ಮಕ್ಕಳು ಇದನ್ನು ಆರಾಮದಲ್ಲಿ ಕಲಿಯುತ್ತಾರೆ, ನಮ್ಮೂರಿನ ಮಕ್ಕಳ ದೊಡ್ಡ ಬಲವೇ ಅದು. ಹಲವು ಭಾಷೆಯಿಂದ ಎಡಿಎಚ್‌ಡಿ ಬರುವುದಿಲ್ಲ. ಆದರೆ ಟೀಚರ್ ಹೇಳುವ ಭಾಷೆ ಅರ್ಥವಾಗದ ಮಗು ಕಿಟಕಿಯ ಹೊರಗೆ ನೋಡಿಯೇ ನೋಡುತ್ತದೆ. ಅರ್ಥವಾಗದ ಭಾಷಣದಲ್ಲಿ ನಾವು ಎಷ್ಟು ನಿಮಿಷ ಕೂರುತ್ತೇವೆ?

ಮನೆಯಲ್ಲೇ ಪರೀಕ್ಷೆ ಮಾಡಿ. ಒಂದೇ ಕೆಲಸವನ್ನು ಎರಡು ಭಾಷೆಯಲ್ಲಿ ಹೇಳಿ. ‘ಕಪಾಟಿನ ಕೆಳಗಿನ ಖಾನೆಯಿಂದ ನೀಲಿ ಟವೆಲ್ ತೆಗೆದು, ಅಜ್ಜಿಗೆ ಕೊಟ್ಟು, ಬಾಗಿಲು ಹಾಕಿ ಬಾ’ ಅನ್ನುವಂಥದ್ದು. ಒಮ್ಮೆ ಮನೆಮಾತಿನಲ್ಲಿ, ಮತ್ತೊಂದು ದಿನ ಅದೇ ಬಗೆಯದ್ದನ್ನು ಇಂಗ್ಲಿಷಿನಲ್ಲಿ. ತುಳುವಿನಲ್ಲಿ ಹೇಳಿದ್ದು ಪೂರ್ತಿ ಮಾಡಿ, ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ಅರ್ಧಕ್ಕೆ ನಿಂತರೆ, ಅದು ಗಮನದ ಕೊರತೆ ಅಲ್ಲದಿರಬಹುದು. ಎರಡರಲ್ಲೂ ದಾರಿಯಲ್ಲೇ ಮರೆತು ಬೇರೆ ಆಟಕ್ಕೆ ಹೋದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪರೀಕ್ಷೆ ಮಾಡುವ ಸೈಕಾಲಜಿಸ್ಟ್ ಹತ್ತಿರ ಮಗು ಯಾವ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತದೆ ಅಂತ ಮೊದಲೇ ಹೇಳಿ. ತುಳು ಬರುವವರು ಇದ್ದರೆ ಅವರನ್ನೇ ಕೇಳಿ.

ಓದು ಬರಹದ ತೊಡಕು

ಬಾಯಿಯಲ್ಲಿ ಎಲ್ಲ ಹೇಳುತ್ತದೆ, ಪೆನ್ಸಿಲ್ ಹಿಡಿದ ಕೂಡಲೇ ಶೌಚಾಲಯ, ನೀರು, ಹೊಟ್ಟೆನೋವು. ಹೀಗಿದ್ದರೆ ಕಲಿಕೆಯ ತೊಡಕು ಇರಬಹುದು. ಮಗುವಿನ ಹಳೆಯ ಪುಸ್ತಕ ತೆರೆದು ಒಂದೇ ಬಗೆಯ ತಪ್ಪು ಪದೇ ಪದೇ ಬಂದಿದೆಯಾ ನೋಡಿ. ಕನ್ನಡದಲ್ಲಿ ದೀರ್ಘ, ಒತ್ತಕ್ಷರ ಬಿಟ್ಟುಹೋಗುವುದು, ‘ಕಣ್ಣು’ ಬರೆಯಲು ಹೋಗಿ ‘ಕಣು’ ಆಗುವುದು. ಇಂಗ್ಲಿಷಿನಲ್ಲಿ ‘ಬಿ’ ಮತ್ತು ‘ಡಿ’ ಅದಲುಬದಲು. ಚಿಕ್ಕ ಮಕ್ಕಳಲ್ಲಿ ಇದೆಲ್ಲ ಸಹಜ. ಮೂರನೇ ಕ್ಲಾಸ್, 8 ವರ್ಷದ ಹೊತ್ತಿಗೂ ಹಾಗೇ ಉಳಿದರೆ ಪರೀಕ್ಷೆ ಮಾಡಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕೆಯ ತೊಡಕು ಸೇರಿದೆ, ಎಡಿಎಚ್‌ಡಿ ಬೇರೆಯಾಗಿ ಸೇರಿಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳುವಾಗ ಯಾವ ಹೆಸರು ಚೀಟಿಯಲ್ಲಿದೆ ಅನ್ನುವುದು ಇದಕ್ಕೇ ಮುಖ್ಯ. ಎರಡೂ ಒಂದೇ ಮಗುವಿನಲ್ಲಿ ಇರುವುದೂ ಸಾಮಾನ್ಯ, ಆದ್ದರಿಂದ ಒಂದು ಸಿಕ್ಕಿತು ಅಂತ ಇನ್ನೊಂದನ್ನು ನೋಡದೆ ಬಿಡಬಾರದು.

ಮನೆಯೊಳಗೆ ಏನಾಗಿದೆ

ಇದನ್ನು ಕೇಳಿಕೊಳ್ಳುವುದು ಕಷ್ಟ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳ ಅಪ್ಪ ಗಲ್ಫಿನಲ್ಲಿ ಇರುತ್ತಾರೆ. ವರ್ಷಕ್ಕೊಮ್ಮೆ ಒಂದು ತಿಂಗಳು ಬಂದು ಹೋಗುತ್ತಾರೆ. ಅಪ್ಪ ವಿಮಾನ ಹತ್ತಿದ ಮೇಲಿನ ತಿಂಗಳು ಮಗು ಹೇಗಿತ್ತು ಅಂತ ನೆನಪು ಮಾಡಿ. ಹೊಸ ತಮ್ಮ ಹುಟ್ಟಿದ್ದು, ಅಜ್ಜ ತೀರಿದ್ದು, ಮನೆ ಬದಲಿಸಿದ್ದು, ಗಂಡ ಹೆಂಡತಿಯ ಮಾತುಕತೆ ನಿಂತಿರುವುದು, ಬಸ್ಸಿನಲ್ಲಿ ದೊಡ್ಡ ಹುಡುಗರು ಹೆದರಿಸುವುದು, ಯಾರಾದರೂ ಮೈಮುಟ್ಟಿ ತೊಂದರೆ ಕೊಟ್ಟಿರುವುದು. ಹೆದರಿದ ಮಗುವಿನ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ. ‘ಯಾವಾಗಿನಿಂದ’ ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಎಡಿಎಚ್‌ಡಿ ಚಿಕ್ಕಂದಿನಿಂದಲೇ ಜೊತೆಗಿರುತ್ತದೆ. ಒಂದು ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ಶುರುವಾದದ್ದು ಬೇರೆ ಏನೋ ಆಗಿರುವ ಸಾಧ್ಯತೆ ಜಾಸ್ತಿ. ಮಗುವಿಗೆ ಅಪಾಯ ಇದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416, ಅಲ್ಲಿ ಮಾತಾಡಲು ಹಣ ಕೊಡಬೇಕಾಗಿಲ್ಲ.

ಯಾರ ಹತ್ತಿರ, ಏನು ಕೇಳಬೇಕು

ಮೊದಲು ನಿಮ್ಮ ಮಕ್ಕಳ ಡಾಕ್ಟರ್. ಅಲ್ಲಿಂದ ಇಎನ್‌ಟಿ, ಕಣ್ಣು. ಆಮೇಲೆ ಮಕ್ಕಳ ಮನೋವೈದ್ಯರು ಅಥವಾ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರ್, ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್. ನಮ್ಮ ಪುಣ್ಯಕ್ಕೆ ಇಲ್ಲಿ ಆಸ್ಪತ್ರೆಗೆ ಬರ ಇಲ್ಲ. ವೆನ್ಲಾಕ್ ಇದೆ, ಕಂಕನಾಡಿಯ ಫಾದರ್ ಮುಲ್ಲರ್, ಅತ್ತಾವರದ ಕೆಎಂಸಿ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಉಡುಪಿ ಕಡೆಯವರಿಗೆ ಮಣಿಪಾಲ ಇವೆ. ಮೆಡಿಕಲ್ ಕಾಲೇಜಿನಲ್ಲಿ ಒಂದೇ ಕಡೆ ಕಿವಿಯೂ ಮನಸ್ಸೂ ನೋಡಿಸಬಹುದು ಅನ್ನುವುದು ದೊಡ್ಡ ಅನುಕೂಲ. ಹೊರಗಿನ ಥೆರಪಿ ಸೆಂಟರ್‌ಗೆ ಹೋಗುವುದಾದರೆ, ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರಾ ಅಂತ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಸರಿಯಾದ ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ. ಗರ್ಭದಿಂದ ಶುರು ಮಾಡಿ ಕೇಳುತ್ತಾರೆ. ಮನೆಗೆ ಒಂದು, ಟೀಚರಿಗೆ ಒಂದು ಪ್ರಶ್ನಾವಳಿ ಕೊಡುತ್ತಾರೆ. ವಾಂಡರ್‌ಬಿಲ್ಟ್, ಕಾನರ್ಸ್ ಅಂತ ಹೆಸರು ಕೇಳಬಹುದು, ನಮ್ಮ ದೇಶದ್ದೇ ಆದ ಇನ್‌ಕ್ಲೆನ್ ಕೂಡ ಇದೆ. ಬೇಕಿದ್ದರೆ ಬುದ್ಧಿಮಟ್ಟ, ಓದು ಬರಹದ ಪರೀಕ್ಷೆ. ಟೀಚರ ಮಾತು ಕೇಳದೆ, ಮಗು ಕ್ಲಿನಿಕ್ಕಿನಲ್ಲಿ ಕುರ್ಚಿ ತಿರುಗಿಸಿದ್ದನ್ನು ಮಾತ್ರ ನೋಡಿ ಹೆಸರು ಬರೆದರೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ಕ್ಲಿನಿಕ್ಕಿನಲ್ಲಿ ಸುಮ್ನೆ ಕೂತಿತ್ತು ಅಂತ ‘ಏನೂ ಇಲ್ಲ’ ಅಂದರೂ ಅಷ್ಟೇ. ಹೊಸ ಜಾಗದಲ್ಲಿ ಅರ್ಧ ಗಂಟೆ ಬಹಳ ಮಕ್ಕಳು ಸುಮ್ಮನಿರಬಲ್ಲರು.

ನಾನು ಒಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ: ‘ಡಾಕ್ಟ್ರೇ, ಇದು ಎಡಿಎಚ್‌ಡಿ ಅಲ್ಲದಿದ್ದರೆ ಬೇರೆ ಏನಿರಬಹುದು? ಅದನ್ನು ಹೇಗೆ ನೋಡಿದಿರಿ?’ ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಸರ ಮಾಡುವುದಿಲ್ಲ.

‘ಮಾತ್ರೆ ಕೊಟ್ಟು ನೋಡೋಣ, ಗುಣ ಕಂಡರೆ ಎಡಿಎಚ್‌ಡಿ ಅಂತ ಗೊತ್ತಾಗುತ್ತದೆ’ ಅನ್ನುವ ಮಾತನ್ನು ಒಪ್ಪಬೇಡಿ. 1978ರಲ್ಲಿ ಅಮೆರಿಕದ ಜೂಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಎಡಿಎಚ್‌ಡಿಗೆ ಕೊಡುವ ಜಾತಿಯ ಮದ್ದು ಕೊಟ್ಟು ನೋಡಿದ್ದರು. ಅವರಲ್ಲೂ ಚಡಪಡಿಕೆ ಇಳಿಯಿತು, ಗಮನ ಹೆಚ್ಚಿತು. ಮದ್ದಿನಿಂದ ಗುಣ ಕಂಡದ್ದು ಕಾಯಿಲೆಗೆ ಸಾಕ್ಷಿ ಆಗುವುದಿಲ್ಲ.

ಎಲ್ಲ ನೋಡಿದ ಮೇಲೂ ಎಡಿಎಚ್‌ಡಿಯೇ ಅಂದರೆ

ಒಪ್ಪಿಕೊಳ್ಳಿ. ನನ್ನ ತಂಗಿಯ ಮಗಳು ಬಹಳ ಮೆದು. ಕ್ಲಾಸಿನಲ್ಲಿ ಒಂದು ಸದ್ದಿಲ್ಲ. ಆದರೆ ವರ್ಷಕ್ಕೆ ಮೂರು ಕೊಡೆ ಕಳೆಯುತ್ತಿದ್ದಳು. ಪರೀಕ್ಷೆಯಲ್ಲಿ ಹಾಳೆಯ ಹಿಂಬದಿಯ ಪ್ರಶ್ನೆ ನೋಡುವುದೇ ಇಲ್ಲ. ಬಲಗಾಲಿಗೆ ಸಾಕ್ಸ್ ಹಾಕಿ, ಎಡಗಾಲಿನದ್ದು ಕೈಯಲ್ಲಿ ಹಿಡಿದು, ಬಸ್ ಹಾರ್ನ್ ಹೊಡೆಯುವವರೆಗೆ ಮಂಚದ ತುದಿಯಲ್ಲಿ ಕೂತಿರುತ್ತಿದ್ದಳು. ಎಲ್ಲರೂ ‘ಉದಾಸೀನ’ ಅಂದರು. ಅವಳೂ ತನ್ನನ್ನು ದಡ್ಡಿ ಅಂತಲೇ ನಂಬಿದ್ದಳು. ಕಿವಿ, ಕಣ್ಣು, ರಕ್ತ, ಓದು ಎಲ್ಲ ನೋಡಿ ಆದ ಮೇಲೆ ಎಡಿಎಚ್‌ಡಿ ಅಂತಾಯಿತು. ಹುಡುಗಿಯರಲ್ಲಿ ಹೀಗೆ ತಪ್ಪಿಹೋಗುವುದು ಜಾಸ್ತಿ.

6 ವರ್ಷಕ್ಕಿಂತ ಚಿಕ್ಕವರಿಗೆ ಮೊದಲು ಮಾತ್ರೆ ಅಲ್ಲ, ಹೆತ್ತವರಿಗೆ ತರಬೇತಿ. ದೊಡ್ಡವರಿಗೆ ಮದ್ದು ಬೇಕಾಗಬಹುದು. ಮಿಥೈಲ್‌ಫೆನಿಡೇಟ್ ಅನ್ನುವುದು ತೆಗೆದುಕೊಂಡ ದಿನವೇ ಕೆಲಸ ಮಾಡುತ್ತದೆ, ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆಟೊಮಾಕ್ಸೆಟಿನ್ ಪೂರ್ತಿ ಹತ್ತಲು ಕೆಲವು ವಾರ ಬೇಕು. ಹಸಿವು ಕಡಿಮೆ ಆಗುವುದುಂಟು, ಮಿಥೈಲ್‌ಫೆನಿಡೇಟ್‌ನಿಂದ ನಿದ್ದೆಯೂ ತಡವಾಗಬಹುದು. ಎತ್ತರ, ತೂಕ, ಬಿಪಿ ಆಗಾಗ ನೋಡಿಸಬೇಕು. ತಂಗಿ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ಗಂಜಿ ಉಣಿಸುತ್ತಾಳೆ, ರಾತ್ರಿ ಹಸಿವು ಬಂದಾಗ ಇನ್ನೊಮ್ಮೆ. ತಿಂಗಳಾದ ಮೇಲೆ ಟೀಚರ ಹತ್ತಿರ ಅದೇ ಪ್ರಶ್ನಾವಳಿ ಪುನಃ ತುಂಬಿಸಿ ಹಳೆಯದರ ಜೊತೆ ಹೋಲಿಸಿದರು. ನೀವೂ ಅದನ್ನು ಕೇಳಿ.

ಅಪಾಯಿಂಟ್‌ಮೆಂಟ್ ಸಿಗುವವರೆಗೆ

ಮುಂದಿನ ಬೆಂಚಿನಲ್ಲಿ ಕೂರಿಸಲು ಕೇಳಿ. ಹೆಸರು ಹೇಳಿ, ಮಗು ನಿಮ್ಮ ಮುಖ ನೋಡಿದ ಮೇಲೆ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೋಮ್‌ವರ್ಕ್ ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿ. ಮಳೆಗಾಲದಲ್ಲೂ ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು, ಚಾವಡಿಯಲ್ಲಿ ಹಗ್ಗ ಹಾರಿದರೂ ಆಯಿತು. ಕಾರಣ ಏನೇ ಇರಲಿ, ಇದರಿಂದ ಯಾವ ಮಗುವಿಗೂ ನಷ್ಟ ಇಲ್ಲ.

ಫೈಲಿನಲ್ಲಿ ಎರಡು ವಾರದ ನೋಟ್‌ಬುಕ್, ಟೀಚರ್ ಹೇಳಿದ ಮಾತು, ಎರಡು ಹಳೆಯ ಕಾಪಿ ಪುಸ್ತಕ, ತಾಯಿ ಕಾರ್ಡ್, ಮದ್ದಿನ ಪಟ್ಟಿ ಇರಲಿ. ಡೈರಿಯ ಆ ಹಾಳೆಯನ್ನೂ ಹಾಕಿ.

ಮಗುವಿಗೆ ಮೊದಲೇ ಹೇಳಿ. ನಾನು ಹೇಳಿರಲಿಲ್ಲ. ಫೋನಿನಲ್ಲಿ ತಂಗಿಯ ಹತ್ತಿರ ಮಾತಾಡುವಾಗ ಅವನಿಗೆ ಕೇಳುವುದಿಲ್ಲ ಅಂತ ಅಂದುಕೊಂಡಿದ್ದೆ. ಎದುರು ಕೂತಿದ್ದ, ನನ್ನ ತುಟಿ ನೋಡುತ್ತಿದ್ದ. ರಾತ್ರಿ ಮಲಗುವಾಗ, ‘ಅಮ್ಮ, ನನ್ನ ತಲೆ ಹಾಳಾಗಿದೆಯಾ?’ ಅಂತ ಕೇಳಿದ. ಲೈಟ್ ಹಾಕಿ, ಎದುರು ಕೂತು, ನಿಧಾನಕ್ಕೆ ಹೇಳಿದೆ: ‘ನಿನ್ನ ತಲೆಗೆ ಏನೂ ಆಗಿಲ್ಲ. ನಿನಗೆ ಎಲ್ಲಿ ಕಷ್ಟ ಆಗುತ್ತದೆ ಅಂತ ನಮಗೆ ಗೊತ್ತಿಲ್ಲ. ನಾಳೆ ಅದನ್ನು ಹುಡುಕಲು ಹೋಗುವುದು. ಇಂಜೆಕ್ಷನ್ ಇಲ್ಲ.’